ಬಾಡಿಗೆ ಇಳಿದಿದೆ ಅಂದರೆ ಯಾವ ಬಾಡಿಗೆ?

ಮಾನ್ಯ ಸಂಪಾದಕರೇ,

ಅಮೆರಿಕದ ನಗರಗಳಲ್ಲಿ ಮನೆ ಬಾಡಿಗೆ ಇಳಿಯುತ್ತಿದೆ ಎಂಬ ಸುದ್ದಿ ಈಚೆಗೆ ಕನ್ನಡ ಪತ್ರಿಕೆಗಳಲ್ಲೂ ಆಗಾಗ ಕಾಣಿಸುತ್ತಿದೆ. ಸುದ್ದಿ ಸುಳ್ಳಲ್ಲ. ಆದರೆ ಮಗಳನ್ನೋ ಮಗನನ್ನೋ ಎಂಎಸ್ ಓದಲು ಕಳಿಸುತ್ತಿರುವ ಹಾಸನದ ಅಥವಾ ದಾವಣಗೆರೆಯ ಕುಟುಂಬವೊಂದು ಅದನ್ನೇ ನೆಚ್ಚಿಕೊಂಡು ಶಿಕ್ಷಣ ಸಾಲದ ಅರ್ಜಿಯಲ್ಲಿ ತಿಂಗಳ ಖರ್ಚು ತುಂಬಿದರೆ ಎರಡನೇ ವರ್ಷ ಲೆಕ್ಕ ಕೆಡುತ್ತದೆ. ಜಾಹೀರಾತಿನ ಬಾಡಿಗೆ, ಕರಾರಿನಲ್ಲಿ ಬರೆದ ಬಾಡಿಗೆ, ತಿಂಗಳ ಕೊನೆಗೆ ಖಾತೆಯಿಂದ ಹೋಗುವ ಹಣ ಇವು ಮೂರೂ ಬೇರೆ ಬೇರೆ. ಈ ಪತ್ರದಲ್ಲಿ ನಾರ್ತ್ ಕ್ಯಾರೊಲಿನಾ ರಾಜ್ಯದ ರಾಜಧಾನಿ ರಾಲಿಯನ್ನು ಹಿಡಿದು ಅದನ್ನು ಬಿಡಿಸಿ ಹೇಳುತ್ತೇನೆ. ಊರು ಮಧ್ಯಮ ಗಾತ್ರದ್ದು. 2020ರ ಜನಗಣತಿಯಲ್ಲಿ 4,67,665 ಜನ. ಎನ್‌ಸಿ ಸ್ಟೇಟ್ ವಿಶ್ವವಿದ್ಯಾಲಯ ಊರೊಳಗೇ ಇದೆ, ರಿಸರ್ಚ್ ಟ್ರಯಾಂಗಲ್ ಪಾರ್ಕ್ ಎಂಬ ಕಂಪನಿಗಳ ವಲಯ ಪಕ್ಕದಲ್ಲಿದೆ, ಕ್ಯಾರಿ ಮತ್ತು ಮಾರಿಸ್‌ವಿಲ್ ಪಟ್ಟಣಗಳಲ್ಲಿ ಕನ್ನಡದ ಮನೆಗಳು ಸಾಕಷ್ಟಿವೆ.

ಮೊದಲು ಏರಿದ್ದೇಕೆ, ಇಳಿದಿದ್ದೇಕೆ ಎಂಬುದು. ಕೋವಿಡ್ ನಂತರ ಮನೆಯಿಂದಲೇ ಕೆಲಸ ಮಾಡಬಹುದೆಂದಾದಾಗ ನ್ಯೂಯಾರ್ಕ್, ಕ್ಯಾಲಿಫೋರ್ನಿಯಾ ಕಡೆಯ ದುಬಾರಿ ಊರುಗಳಿಂದ ಜನ ಇಂಥ ನಗರಗಳಿಗೆ ಬಂದರು. 2021ರಲ್ಲಿ ಆ್ಯಪಲ್ ಕಂಪನಿ ಇಲ್ಲಿ ಕನಿಷ್ಠ 3,000 ಉದ್ಯೋಗಗಳ ಕ್ಯಾಂಪಸ್ ಕಟ್ಟುವುದಾಗಿ ಘೋಷಿಸಿತು. ಅದೇ ಹೊತ್ತಿಗೆ ಅಮೆರಿಕದ ಕೇಂದ್ರ ಬ್ಯಾಂಕಿನ ಬಡ್ಡಿ ಶೂನ್ಯಕ್ಕೆ ಅಂಟಿಕೊಂಡಿತ್ತು. ಬಾಡಿಗೆ ಏರುತ್ತಿದೆ, ಸಾಲ ಅಗ್ಗ, ಜನ ಬರುತ್ತಿದ್ದಾರೆ ಎಂದ ಮೇಲೆ ಬಿಲ್ಡರುಗಳು ಸುಮ್ಮನಿರುತ್ತಾರೆಯೇ? 2021 ಮತ್ತು 2022ರಲ್ಲಿ ಎಲ್ಲರೂ ಒಟ್ಟಿಗೇ ಅಡಿಪಾಯ ಹಾಕಿದರು. ಇಲ್ಲಿನ ಸಾಮಾನ್ಯ ಅಪಾರ್ಟ್‌ಮೆಂಟ್ ಅಂದರೆ ಕೆಳಗೊಂದು ಕಾಂಕ್ರೀಟ್ ಅಂತಸ್ತು, ಮೇಲೆ ಮರದ ಚೌಕಟ್ಟಿನ ನಾಲ್ಕೈದು ಅಂತಸ್ತು, ಒಟ್ಟು 250ರಿಂದ 350 ಮನೆ. ಕಟ್ಟಿ ಮುಗಿಸಲು ಒಂದೂವರೆಯಿಂದ ಎರಡು ವರ್ಷ. ಹಾಗಾಗಿ ಆ ಮನೆಗಳೆಲ್ಲ 2023 ಮತ್ತು 2024ರಲ್ಲಿ ಒಮ್ಮೆಲೇ ಮಾರುಕಟ್ಟೆಗೆ ಬಂದು ಬಿದ್ದವು. ಇಡೀ ದೇಶದಲ್ಲಿ 2024ರಲ್ಲಿ ಸುಮಾರು ಆರು ಲಕ್ಷ ಅಪಾರ್ಟ್‌ಮೆಂಟ್ ಮನೆಗಳು ಪೂರ್ಣಗೊಂಡವು, ಸುಮಾರು ನಾಲ್ಕು ದಶಕಗಳಲ್ಲಿ ಅಷ್ಟು ಆಗಿರಲಿಲ್ಲ. ಆ ಅಲೆ ಜೋರಾಗಿ ಬಡಿದದ್ದು ದಕ್ಷಿಣದ ನಗರಗಳಿಗೆ. ಬಾಡಿಗೆಯ ಏರಿಕೆ ನಿಂತಿತು, ಹೊಸ ಕಟ್ಟಡಗಳಲ್ಲಿ ಬಾಡಿಗೆ ಇಳಿಯಿತು. ಆ್ಯಪಲ್ ತನ್ನ ಕ್ಯಾಂಪಸ್ ಕೆಲಸವನ್ನು 2024ರಲ್ಲಿ ಮುಂದಕ್ಕೆ ಹಾಕಿದ್ದು ಬೇರೆ.

ರಾಲಿ ನಗರಸಭೆಯ ಪಾತ್ರವೂ ಸ್ವಲ್ಪ ಇದೆ. ಒಂಟಿ ಮನೆಗಳಿಗೆ ಮಾತ್ರ ಮೀಸಲಾಗಿದ್ದ ಬಹುತೇಕ ಬಡಾವಣೆಗಳಲ್ಲಿ ಜೋಡಿ ಮನೆ ಕಟ್ಟಲು 2021ರಲ್ಲಿ ಅವಕಾಶ ಕೊಟ್ಟರು. ಇಂಥ ನಿಯಮಗಳ ಫಲ ನಿಧಾನ. ಸದ್ಯದ ಇಳಿಕೆಗೆ ಕಾರಣ ದೊಡ್ಡ ಕಟ್ಟಡಗಳೇ.

ಇಳಿಕೆ ಯಾವ ರೂಪದಲ್ಲಿ ಬಂತು ಎಂಬುದೇ ಮುಖ್ಯ. ಬೆಂಗಳೂರಿನಲ್ಲಿ ಮನೆ ಖಾಲಿ ಬಿದ್ದರೆ ಮಾಲೀಕ ಸಾವಿರವೋ ಎರಡು ಸಾವಿರವೋ ಇಳಿಸುತ್ತಾನೆ. ರಾಲಿಯ ಹೊಸ ಕಟ್ಟಡದ ಮ್ಯಾನೇಜರು ಹಾಗೆ ಮಾಡುವುದಿಲ್ಲ. ಕರಾರಿನ ಬಾಡಿಗೆ ಹಾಗೇ ಇಟ್ಟು ‘ಒಂದು ತಿಂಗಳು ಉಚಿತ’, ‘ಎಂಟು ವಾರ ಉಚಿತ’ ಎಂದು ಬೋರ್ಡು ಹಾಕುತ್ತಾರೆ. ಕಾರಣ ಬ್ಯಾಂಕಿನಲ್ಲಿದೆ. 300 ಮನೆಗಳ ಕಟ್ಟಡದಲ್ಲಿ ಬಾಡಿಗೆಯನ್ನು ತಿಂಗಳಿಗೆ 50 ಡಾಲರ್ ಇಳಿಸಿದರೆ ವರ್ಷಕ್ಕೆ 1,80,000 ಡಾಲರ್ ಆದಾಯ ಖೋತಾ. ಇಂಥ ಕಟ್ಟಡದ ಬೆಲೆ ಕಟ್ಟುವುದು ವಾರ್ಷಿಕ ಆದಾಯವನ್ನು, ಕೊಳ್ಳುವವರು ತಮ್ಮ ಹಣಕ್ಕೆ ನಿರೀಕ್ಷಿಸುವ ಪ್ರತಿಫಲದ ದರದಿಂದ ಭಾಗಿಸಿ. ದರ ಶೇ 5 ಎಂದಿಟ್ಟರೆ ಕಟ್ಟಡದ ಬೆಲೆಯೇ 36 ಲಕ್ಷ ಡಾಲರ್ ಕುಸಿದಂತೆ. ಸಾಲ ಕೊಟ್ಟವರು ಒಪ್ಪುತ್ತಾರೆಯೇ? ಉಚಿತ ತಿಂಗಳಾದರೆ ಒಂದು ಸಲದ ಖರ್ಚು ಎಂದು ಬರೆದು ಮುಗಿಸಬಹುದು, ಕರಾರಿನ ಬಾಡಿಗೆಗೆ ಧಕ್ಕೆಯಿಲ್ಲ.

ಬಾಡಿಗೆದಾರನಿಗೆ ಇದರ ಅರ್ಥವೇನು ಎಂಬುದಕ್ಕೆ ಒಂದು ಲೆಕ್ಕ. ಕರಾರಿನ ಬಾಡಿಗೆ 1,600 ಡಾಲರ್, ಅವಧಿ 13 ತಿಂಗಳು, ಒಂದು ತಿಂಗಳು ಉಚಿತ ಎಂದುಕೊಳ್ಳಿ. ಕೊಡುವುದು 12 ತಿಂಗಳದ್ದು, ಅಂದರೆ 19,200. ಅದನ್ನು 13ರಿಂದ ಭಾಗಿಸಿದರೆ ತಿಂಗಳಿಗೆ 1,477. ಜಾಹೀರಾತುಗಳಲ್ಲಿ ದೊಡ್ಡ ಅಕ್ಷರದಲ್ಲಿ ಕಾಣುವುದು ಎಷ್ಟೋ ಸಲ ಈ 1,477. ಹದಿನಾಲ್ಕನೇ ತಿಂಗಳಿಗೆ ನವೀಕರಣದ ಪತ್ರ ಬರುತ್ತದೆ: ‘ಈ ವರ್ಷ ಬಾಡಿಗೆ ಏರಿಸಿಲ್ಲ, 1,600 ಮಾತ್ರ.’ ಏರಿಸಿಲ್ಲ ಅಂದರೂ ಕೈಯಿಂದ ಹೋಗುವುದು ತಿಂಗಳಿಗೆ 123 ಡಾಲರ್ ಹೆಚ್ಚು, ಶೇ 8ಕ್ಕೂ ಮೇಲೆ. ಶೇ 3 ಏರಿಸಿ 1,648 ಮಾಡಿದರೆ ನಿಜವಾದ ಏರಿಕೆ ಶೇ 11.6. ಉಚಿತ ತಿಂಗಳು ಹೊಸಬರಿಗೆ, ಹಳಬರಿಗಲ್ಲ. ಆದ್ದರಿಂದ ನವೀಕರಣದ ಪತ್ರ ಬಂದ ಕೂಡಲೇ ಅದೇ ಕಟ್ಟಡದ ವೆಬ್‌ಸೈಟಿನಲ್ಲಿ ಹೊಸಬರಿಗೆ ಏನು ಕೊಡುತ್ತಿದ್ದಾರೆ ಎಂದು ನೋಡಿ, ಆ ಪುಟವನ್ನು ಉಳಿಸಿಕೊಂಡು, ಅದರ ಆಧಾರದ ಮೇಲೆ ಕೇಳಬೇಕು. ಮನೆ ಖಾಲಿಯಾದರೆ ಬಣ್ಣ, ಕಾರ್ಪೆಟ್, ಒಂದು ತಿಂಗಳ ಖಾಲಿ ಎಲ್ಲ ಸೇರಿ ಅವರಿಗೂ ನಷ್ಟವೇ. ಹೊಸಬರಿಗೆ ಕೊಡುವುದರಲ್ಲಿ ಒಂದು ಪಾಲನ್ನಾದರೂ ಬಿಟ್ಟುಕೊಡುವುದುಂಟು. ಕೇಳದವರಿಗೆ ಕೊಡುವುದಿಲ್ಲ.

ಉಚಿತ ತಿಂಗಳಲ್ಲಿ ಎರಡು ಬಗೆ. ಮೊದಲ ತಿಂಗಳೇ ಪೂರ್ತಿ ಮಾಫಿ, ಅಥವಾ ಎಲ್ಲ ತಿಂಗಳುಗಳಿಗೂ ಹಂಚಿ ಕಡಿತ. ಬಂದ ಹೊಸದರಲ್ಲಿ ಹಾಸಿಗೆ, ಪಾತ್ರೆ, ಕೋಟು ಎಂದು ಖರ್ಚಿರುವವರಿಗೆ ಮೊದಲನೆಯದು ಅನುಕೂಲ. ಎರಡರಲ್ಲೂ ಕರಾರಿನ ಕೊನೆಯ ಪುಟಗಳಲ್ಲಿ ಒಂದು ಅನುಬಂಧ ಇರುತ್ತದೆ: ಅವಧಿಗೆ ಮುಂಚೆ ಮನೆ ಬಿಟ್ಟರೆ ಉಚಿತ ಕೊಟ್ಟಿದ್ದನ್ನೆಲ್ಲ ವಾಪಸು ಕಟ್ಟಬೇಕು. ಎಚ್-1ಬಿ ವೀಸಾದಲ್ಲಿದ್ದು ಕೆಲಸ ಹೋದವರಿಗೆ ಬೇರೆ ಕೆಲಸ ಹುಡುಕಲು ಸಿಗುವುದು ಹೆಚ್ಚೆಂದರೆ 60 ದಿನ. ಕರಾರು ಮುರಿಯಲು ಕೇಳುವುದು ಸಾಮಾನ್ಯವಾಗಿ 60 ದಿನಗಳ ನೋಟಿಸು, ಎರಡು ತಿಂಗಳ ಬಾಡಿಗೆ, ಮೇಲೆ ಈ ವಾಪಸಾತಿ. ಸಹಿ ಹಾಕುವ ಮುಂಚೆ ಓದಬೇಕಾದ ಪುಟ ಯಾವುದೆಂದರೆ ಇದೇ. ಕರಾರು ಮುರಿಯುವ ಈ ಶುಲ್ಕದ ದಾರಿಯನ್ನು ಆಯ್ದುಕೊಳ್ಳದೆ ಹೊರಟವರ ಮನೆಯನ್ನು ಮಾಲೀಕ ಸುಮ್ಮನೆ ಖಾಲಿ ಇಟ್ಟು ಉಳಿದ ತಿಂಗಳುಗಳ ಬಾಡಿಗೆ ಪೂರ್ತಿ ಕೇಳುವಂತಿಲ್ಲ. ಬೇರೆಯವರಿಗೆ ಕೊಡಲು ಪ್ರಯತ್ನಿಸಬೇಕು ಎಂಬುದು ನಾರ್ತ್ ಕ್ಯಾರೊಲಿನಾದ ನ್ಯಾಯಾಲಯಗಳು ಒಪ್ಪಿರುವ ತತ್ವ.

ಬಾಡಿಗೆಯ ಮೇಲೆ ಕೂರುವ ಬಾಬ್ತುಗಳು ಇನ್ನೊಂದು ಲೆಕ್ಕ. ಬಾಗಿಲಿನಿಂದ ಕಸ ಒಯ್ಯುವುದಕ್ಕೆ ಇಷ್ಟು, ಜಿರಳೆ ಔಷಧಿಗೆ ಇಷ್ಟು, ಬೇಕಿರಲಿ ಬೇಡವಿರಲಿ ಕಟ್ಟಡದ ಇಂಟರ್ನೆಟ್‌ಗೆ ಇಷ್ಟು, ಪಾರ್ಕಿಂಗ್, ನೀರು ಮತ್ತು ಚರಂಡಿ, ಬಾಡಿಗೆದಾರರ ವಿಮೆ (ಸಾಮಾನ್ಯವಾಗಿ 1,00,000 ಡಾಲರ್ ಹೊಣೆಗಾರಿಕೆಯದ್ದು ಕಡ್ಡಾಯ). ಎಲ್ಲ ಸೇರಿ ತಿಂಗಳಿಗೆ 150 ಡಾಲರ್ ದಾಟುವುದು ಅಪರೂಪವಲ್ಲ. ವಿದ್ಯುತ್ ಇದಕ್ಕೆ ಹೊರತು. ರಾಲಿಯಲ್ಲಿ ಡ್ಯೂಕ್ ಎನರ್ಜಿ ಖಾತೆಯನ್ನು ಬಾಡಿಗೆದಾರನೇ ತೆರೆಯಬೇಕು, ಖಾತೆ ಸಂಖ್ಯೆಯನ್ನೂ ವಿಮೆಯ ಪತ್ರವನ್ನೂ ತೋರಿಸದೆ ಬೀಗದ ಕೈ ಕೊಡುವುದಿಲ್ಲ. ಅರ್ಜಿಯ ಶುಲ್ಕ ಮತ್ತು ‘ಆಡಳಿತ ಶುಲ್ಕ’ ಮರಳಿ ಬರುವುದಿಲ್ಲ, ಆದ್ದರಿಂದ ಐದಾರು ಕಡೆ ಅರ್ಜಿ ಹಾಕಿ ನೋಡೋಣ ಎಂಬ ನಮ್ಮ ರೂಢಿ ಇಲ್ಲಿ ದುಬಾರಿ. ಬಚ್ಚಿಟ್ಟ ಶುಲ್ಕಗಳ ವಿರುದ್ಧ ಅಮೆರಿಕದ ಕೇಂದ್ರ ಸರ್ಕಾರ ನಿಯಮ ತಂದಿದೆ ಎಂದು ಓದಿದವರಿರಬಹುದು. 2025ರ ಮೇ ತಿಂಗಳಲ್ಲಿ ಜಾರಿಗೆ ಬಂದ ಆ ನಿಯಮ ಕಾರ್ಯಕ್ರಮಗಳ ಟಿಕೆಟ್ಟಿಗೆ ಮತ್ತು ಹೋಟೆಲಿನಂಥ ಅಲ್ಪಾವಧಿ ವಸತಿಗೆ ಮಾತ್ರ. ಅಪಾರ್ಟ್‌ಮೆಂಟ್ ಬಾಡಿಗೆ ಅದರೊಳಗಿಲ್ಲ. ‘ಕಡ್ಡಾಯವಾದದ್ದೆಲ್ಲ ಸೇರಿ ತಿಂಗಳಿಗೆ ಎಷ್ಟು, ಒಂದು ಸಾಲಿನಲ್ಲಿ ಇಮೇಲ್ ಮಾಡಿ’ ಎಂದು ಕೇಳುವುದೊಂದೇ ದಾರಿ. ಬಾಯಿಮಾತಿನಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ.

ಸುದ್ದಿಯಲ್ಲಿ ಬರುವ ಅಂಕಿಗಳ ಬಗ್ಗೆ ನಿಮ್ಮ ವರದಿಗಾರರಿಗೂ ಒಂದು ಮಾತು. ಜಿಲೋ ಮತ್ತು ಅಪಾರ್ಟ್‌ಮೆಂಟ್ ಲಿಸ್ಟ್‌ನಂಥ ಮನೆ ಹುಡುಕುವ ಜಾಲತಾಣಗಳ ಸೂಚ್ಯಂಕಗಳು ಈಗ ಹೊಸದಾಗಿ ಮನೆ ಹಿಡಿಯುವವರ ಬಾಡಿಗೆಯನ್ನು ಅಳೆಯುತ್ತವೆ. ಸರ್ಕಾರದ ಹಣದುಬ್ಬರ ಸೂಚ್ಯಂಕದಲ್ಲಿರುವುದು ಹಳಬರು, ಹೊಸಬರು ಎಲ್ಲರೂ ಕೊಡುತ್ತಿರುವ ಬಾಡಿಗೆ. ಅದು ಹೆಚ್ಚುಕಡಿಮೆ ಒಂದು ವರ್ಷ ಹಿಂದೆ ಬೀಳುತ್ತದೆ. ಜನಗಣತಿ ಇಲಾಖೆಯ ವಾರ್ಷಿಕ ಸಮೀಕ್ಷೆಯ ‘ಒಟ್ಟು ಬಾಡಿಗೆ’ಯಲ್ಲಿ ನೀರು, ವಿದ್ಯುತ್ತೂ ಸೇರಿರುತ್ತವೆ. ಒಂದೇ ತಿಂಗಳು ಒಂದು ಅಂಕಿ ಇಳಿದು ಇನ್ನೊಂದು ಏರಿದರೆ ಯಾರೋ ಸುಳ್ಳು ಹೇಳುತ್ತಿದ್ದಾರೆಂದಲ್ಲ. ಉಚಿತ ತಿಂಗಳನ್ನು ಕಳೆದು ಲೆಕ್ಕ ಹಾಕಿದ್ದಾರೋ ಇಲ್ಲವೋ ಎಂಬುದನ್ನು ಮಾತ್ರ ನೋಡಿಯೇ ತಲೆಬರಹ ಕೊಡಬೇಕು.

ದೊಡ್ಡ ಕಂಪನಿಗಳು ಬಾಡಿಗೆ ನಿಗದಿ ಮಾಡಲು ಬಳಸುವ ತಂತ್ರಾಂಶದ ವಿಷಯವೂ ಇದಕ್ಕೆ ಅಂಟಿಕೊಂಡಿದೆ. ಪೈಪೋಟಿಯಲ್ಲಿರಬೇಕಾದ ಮಾಲೀಕರು ತಮ್ಮ ಗುಟ್ಟಿನ ಬಾಡಿಗೆ ಮಾಹಿತಿಯನ್ನು ಒಂದೇ ತಂತ್ರಾಂಶಕ್ಕೆ ಉಣಿಸಿ, ಅದು ಹೇಳಿದ ಬೆಲೆ ಹಾಕುತ್ತಾರೆ ಎಂದು ಅಮೆರಿಕದ ನ್ಯಾಯ ಇಲಾಖೆ 2024ರ ಆಗಸ್ಟ್‌ನಲ್ಲಿ ಆ ತಂತ್ರಾಂಶ ಮಾರುವ ರಿಯಲ್‌ಪೇಜ್ ಕಂಪನಿಯ ಮೇಲೆ ಮೊಕದ್ದಮೆ ಹೂಡಿತು. ಅದು ದಾಖಲಾದದ್ದು ನಾರ್ತ್ ಕ್ಯಾರೊಲಿನಾದ ಫೆಡರಲ್ ನ್ಯಾಯಾಲಯದಲ್ಲೇ, ಈ ರಾಜ್ಯವೂ ಫಿರ್ಯಾದುದಾರರಲ್ಲಿ ಒಂದು. 2025ರ ನವೆಂಬರ್‌ನಲ್ಲಿ ಇಲಾಖೆ ರಾಜಿ ಪ್ರಸ್ತಾವ ಮುಂದಿಟ್ಟಿತು. ಬಾಡಿಗೆದಾರನಿಗೆ ಇದರಲ್ಲಿ ತಿಳಿದಿರಬೇಕಾದದ್ದು ಇಷ್ಟೇ: ಇಂಥ ತಂತ್ರಾಂಶವಿರುವ ಕಟ್ಟಡದಲ್ಲಿ ಬೆಲೆ ದಿನದಿನಕ್ಕೆ ಬದಲಾಗುತ್ತದೆ, ಅವಧಿಗೊಂದು ಬೆಲೆ ಇರುತ್ತದೆ. 12 ತಿಂಗಳಿಗಿಂತ 14 ತಿಂಗಳ ಬಾಡಿಗೆ ಕಡಿಮೆ ಇರುವುದುಂಟು, ಏಕೆಂದರೆ ಚಳಿಗಾಲದಲ್ಲಿ ಮನೆ ಖಾಲಿಯಾಗುವುದು ಅವರಿಗೆ ಬೇಡ. ಮೇಯಿಂದ ಆಗಸ್ಟ್‌ವರೆಗೆ ಬೇಡಿಕೆ ಹೆಚ್ಚು, ನವೆಂಬರ್‌ನಿಂದ ಫೆಬ್ರುವರಿವರೆಗೆ ಕಡಿಮೆ. ಕೆಲಸಕ್ಕೆ ಬರುವವರು ಜನವರಿಯಲ್ಲಿ ಮನೆ ಹಿಡಿದರೆ ಚೌಕಾಸಿಗೆ ಜಾಗವಿದೆ. ವಿದ್ಯಾರ್ಥಿಗಳಿಗೆ ಆ ಭಾಗ್ಯವಿಲ್ಲ, ಅವರ ಕಾಲೇಜು ಶುರುವಾಗುವುದೇ ಆಗಸ್ಟ್‌ನಲ್ಲಿ.

ವಿದ್ಯಾರ್ಥಿಗಳ ಮಾರುಕಟ್ಟೆಯೇ ಬೇರೆ. ಏವೆಂಟ್ ಫೆರಿ ರಸ್ತೆ, ಗಾರ್ಮನ್ ಬೀದಿ ಸುತ್ತಮುತ್ತ ಎರಡು ಬಗೆಯ ಮನೆಗಳಿವೆ. ಒಂದು, ವಿದ್ಯಾರ್ಥಿಗಳಿಗೆಂದೇ ಕಟ್ಟಿದ್ದು. ಕರಾರು ಕೋಣೆಗೊಂದು, ಪಕ್ಕದ ಕೋಣೆಯವನು ಓಡಿಹೋದರೂ ಇವರ ಮೇಲೆ ಹೊರೆಯಿಲ್ಲ. ಆದರೆ ಕರಾರು ಆಗಸ್ಟ್ ಮಧ್ಯದಿಂದ ಜುಲೈ ಕೊನೆಯವರೆಗೆ, ಅಂದರೆ ಹನ್ನೊಂದೂವರೆ ತಿಂಗಳು. ಕಂತು ಮಾತ್ರ ಹನ್ನೆರಡು. ಜುಲೈ 31ಕ್ಕೆ ಬಿಟ್ಟು ಆಗಸ್ಟ್ ಮಧ್ಯದವರೆಗೆ ಪೆಟ್ಟಿಗೆ ಎಲ್ಲಿಡುವುದು ಎಂಬ ಸಮಸ್ಯೆ ಪ್ರತಿ ವರ್ಷದ್ದು. ಎರಡನೆಯದು ಹಳೆಯ, ಎರಡು ಮೂರು ಮಹಡಿಯ ಸಾಮಾನ್ಯ ಅಪಾರ್ಟ್‌ಮೆಂಟ್. ನಾಲ್ವರು ಸೇರಿ ಎರಡು ಬೆಡ್‌ರೂಮ್ ಹಿಡಿಯುತ್ತಾರೆ, ತಲೆಗೆ ಅಗ್ಗ. ಇಲ್ಲಿ ನಾಲ್ವರೂ ಒಂದೇ ಕರಾರಿಗೆ ಸಹಿ ಹಾಕುತ್ತಾರೆ, ಪೂರ್ತಿ ಬಾಡಿಗೆಗೆ ಪ್ರತಿಯೊಬ್ಬರೂ ಹೊಣೆ. ಡಿಸೆಂಬರ್‌ನಲ್ಲಿ ಒಬ್ಬ ಪದವಿ ಮುಗಿಸಿ ಟೆಕ್ಸಾಸಿಗೆ ಹೋದರೆ ಅವನ ಪಾಲನ್ನು ಉಳಿದ ಮೂವರಿಂದ ವಸೂಲು ಮಾಡಲು ಮಾಲೀಕನಿಗೆ ಅಡ್ಡಿಯಿಲ್ಲ. ಹಾಲ್‌ನಲ್ಲಿ ಐದನೆಯವನನ್ನು ಮಲಗಿಸಿಕೊಳ್ಳುವುದು ಇನ್ನೂ ಅಪಾಯ. ಕರಾರಿನಲ್ಲಿ ಹೆಸರಿಲ್ಲದವನು ವಾಸವಿದ್ದರೆ ಅದು ಕರಾರಿನ ಉಲ್ಲಂಘನೆ, ಎಲ್ಲರಿಗೂ ನೋಟಿಸು ಬರುತ್ತದೆ. ತೆರವಿನ ಮೊಕದ್ದಮೆಯಾದರೆ ಆ ದಾಖಲೆ ಮುಂದಿನ ಎಲ್ಲ ಮನೆ ಹುಡುಕಾಟದಲ್ಲೂ ಕಾಣುತ್ತದೆ. ಬೇಸಿಗೆಯ ಇಂಟರ್ನ್‌ಶಿಪ್‌ಗೆ ಬೇರೆ ಊರಿಗೆ ಹೋಗುವಾಗ ಕೋಣೆಯನ್ನು ಇನ್ನೊಬ್ಬರಿಗೆ ಬಿಟ್ಟುಕೊಡುವುದಿದ್ದರೆ ಲಿಖಿತ ಒಪ್ಪಿಗೆ ಬೇಕು. ವಾಟ್ಸ್ಆ್ಯಪ್ ಗುಂಪಿನ ಒಪ್ಪಂದ ಕಚೇರಿಗೆ ಗೊತ್ತಿಲ್ಲದಿದ್ದರೆ ಬಾಡಿಗೆ ಬಾಕಿಯಾದದ್ದು ಕರಾರಿನಲ್ಲಿ ಹೆಸರಿರುವವನ ತಲೆಗೇ.

ಮನೆ ಕೊಡುವ ಕಂಪನಿಗಳು ಸಾಮಾನ್ಯವಾಗಿ ಬಾಡಿಗೆಯ ಮೂರು ಪಟ್ಟು ತಿಂಗಳ ಆದಾಯ ಕೇಳುತ್ತವೆ. 1,600ಕ್ಕೆ 4,800. ಉಚಿತ ತಿಂಗಳು ಕಳೆದ ಬಾಡಿಗೆಗಲ್ಲ, ಕರಾರಿನ ಬಾಡಿಗೆಗೆ ಈ ಲೆಕ್ಕ. ಈಗಷ್ಟೇ ಬಂದಿಳಿದ ವಿದ್ಯಾರ್ಥಿಗೆ ಆದಾಯವೂ ಇಲ್ಲ, ಕ್ರೆಡಿಟ್ ಇತಿಹಾಸವೂ ಇಲ್ಲ, ನಮ್ಮ ಪ್ಯಾನ್‌ನಂತೆ ಎಲ್ಲೆಡೆ ಕೇಳುವ ಸೋಶಿಯಲ್ ಸೆಕ್ಯುರಿಟಿ ಸಂಖ್ಯೆಯೂ ಇಲ್ಲ. ಪಾಸ್‌ಪೋರ್ಟ್, ವೀಸಾ, ವಿದ್ಯಾರ್ಥಿ ವೀಸಾಕ್ಕೆಂದು ವಿಶ್ವವಿದ್ಯಾಲಯ ಕೊಡುವ ಐ-20 ಪತ್ರ, ಬ್ಯಾಂಕ್ ಸಾಲ ಮಂಜೂರಾತಿ ಪತ್ರ, ಸಹಾಯಕ ಹುದ್ದೆ ಸಿಕ್ಕಿದ್ದರೆ ವಿಭಾಗದ ಪತ್ರ ಇವನ್ನು ಪಿಡಿಎಫ್ ಮಾಡಿಟ್ಟುಕೊಂಡು ಯಾವ ಕಟ್ಟಡದವರು ಒಪ್ಪುತ್ತಾರೆಂದು ಅರ್ಜಿ ಶುಲ್ಕ ಕಟ್ಟುವ ಮುಂಚೆಯೇ ಕೇಳಬೇಕು. ಜಾಮೀನು ನಿಲ್ಲುವ ಖಾಸಗಿ ಸೇವೆಗಳಿವೆ. ಅವುಗಳ ಶುಲ್ಕ ಮರಳುವುದಿಲ್ಲ. ‘ಡೆಪಾಸಿಟ್ ಬೇಡ, ಸಣ್ಣ ಶುಲ್ಕ ಕಟ್ಟಿ ಸಾಕು’ ಎನ್ನುವ ಯೋಜನೆ ಇನ್ನೊಂದು. ಅದು ಬಾಡಿಗೆದಾರನ ವಿಮೆಯಲ್ಲ. ಮನೆಗೆ ಹಾನಿಯಾದರೆ ಅವರು ಮಾಲೀಕನಿಗೆ ಕೊಟ್ಟು, ಆಮೇಲೆ ಬಾಡಿಗೆದಾರನಿಂದ ವಸೂಲು ಮಾಡುತ್ತಾರೆ. ಸಾಧ್ಯವಿದ್ದರೆ ಡೆಪಾಸಿಟ್ ಕಟ್ಟುವುದೇ ವಾಸಿ.

ಡೆಪಾಸಿಟ್ಟಿನ ಕಾನೂನು ಇಲ್ಲಿ ಸ್ಪಷ್ಟವಾಗಿದೆ. ತಿಂಗಳಿಂದ ತಿಂಗಳಿಗೆ ನಡೆಯುವ ಬಾಡಿಗೆಗೆ ಒಂದೂವರೆ ತಿಂಗಳದ್ದು, ಅದಕ್ಕಿಂತ ದೀರ್ಘ ಅವಧಿಗೆ ಎರಡು ತಿಂಗಳದ್ದು ಗರಿಷ್ಠ. ಹತ್ತು ತಿಂಗಳ ಅಡ್ವಾನ್ಸ್ ಕಂಡ ಬೆಂಗಳೂರಿನವರಿಗೆ ಇದು ಧರ್ಮಛತ್ರವೆನಿಸಬಹುದು. ಮನೆ ಬಿಟ್ಟ 30 ದಿನಗಳೊಳಗೆ ಹಣ, ಇಲ್ಲವೇ ಕಡಿತದ ವಿವರವಾದ ಪಟ್ಟಿ ಕೊಡಬೇಕು; ಹಾನಿಯ ಮೊತ್ತ ಅಷ್ಟರೊಳಗೆ ತೀರ್ಮಾನವಾಗದಿದ್ದರೆ 30 ದಿನಕ್ಕೆ ಮಧ್ಯಂತರ ಲೆಕ್ಕ, 60ಕ್ಕೆ ಅಂತಿಮ ಲೆಕ್ಕ. ಸಹಜ ಸವೆತಕ್ಕೆ ಹಣ ಹಿಡಿಯುವಂತಿಲ್ಲ. ಬಣ್ಣಕ್ಕೆಂದು ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುವ ಬೆಂಗಳೂರಿನ ವಾಡಿಕೆ ಇಲ್ಲಿ ನಡೆಯದು. ಆದರೆ ಅಡುಗೆಮನೆಯ ಒಗ್ಗರಣೆಯ ಜಿಡ್ಡು, ಅರಿಶಿನದ ಕಲೆಯಾದ ಕೌಂಟರ್, ಕಾರ್ಪೆಟ್ ಸುಟ್ಟ ಗುರುತು ಸಹಜ ಸವೆತವಲ್ಲ. ಒಲೆಯ ಮೇಲಿನ ಫ್ಯಾನು ಎಷ್ಟೋ ಮನೆಗಳಲ್ಲಿ ಹೊಗೆಯನ್ನು ಹೊರಗೆ ಕಳಿಸುವುದೇ ಇಲ್ಲ, ಜಾಲರಿಯಲ್ಲಿ ಸೋಸಿ ಮತ್ತೆ ಒಳಗೇ ಬಿಡುತ್ತದೆ. ಜಾಲರಿಯನ್ನು ತಿಂಗಳಿಗೊಮ್ಮೆ ಬಿಸಿನೀರು, ಸೋಪಿನಲ್ಲಿ ತೊಳೆಯಬೇಕು. ಬಂದ ದಿನವೇ ಪ್ರತಿ ಕೋಣೆ, ಕಪಾಟಿನ ಒಳಭಾಗ, ಓವನ್, ಕಿಟಕಿಯ ಜಾಲರಿಗಳ ವಿಡಿಯೊ ತೆಗೆದು, ಹಾನಿಯ ಪಟ್ಟಿಯನ್ನು ತುಂಬಿ ಇಮೇಲ್ ಮಾಡಿದರೆ ಹೋಗುವಾಗ ವಾದವಿರುವುದಿಲ್ಲ. ಹೊಸ ವಿಳಾಸ ಲಿಖಿತವಾಗಿ ಕೊಟ್ಟಿರಬೇಕು.

ಬಾಡಿಗೆ ಐದು ದಿನ ತಡವಾದ ಮೇಲೆ ಹಾಕಬಹುದಾದ ಗರಿಷ್ಠ ದಂಡ: 15 ಡಾಲರ್ ಅಥವಾ ಬಾಡಿಗೆಯ ಶೇ 5, ಯಾವುದು ಹೆಚ್ಚೋ ಅದು. 1,600ಕ್ಕೆ 80. ಭಾರತದಿಂದ ಹಣ ತರಿಸುವವರು ಬ್ಯಾಂಕ್ ರಜೆ, ವಾರಾಂತ್ಯ ನೋಡಿಕೊಂಡು ವಾರ ಮುಂಚೆ ಕಳಿಸಿಕೊಳ್ಳಬೇಕು. ಎಸಿ ಕೆಟ್ಟಿದೆ, ದುರಸ್ತಿ ಮಾಡಿಲ್ಲ, ಹಾಗಾಗಿ ಈ ತಿಂಗಳು ಬಾಡಿಗೆ ಕೊಡುವುದಿಲ್ಲ ಎಂಬ ಹಠ ಇಲ್ಲಿ ಕೈಕೊಡುತ್ತದೆ. ಮಾಲೀಕ ಒದಗಿಸಿದ ಎಸಿಯನ್ನು ಸುಸ್ಥಿತಿಯಲ್ಲಿಡುವುದು ಅವನ ಕರ್ತವ್ಯವೇ, ಆದರೆ ನ್ಯಾಯಾಲಯ ಹೇಳುವ ಮುಂಚೆ ಬಾಡಿಗೆದಾರ ತಾನೇ ಬಾಡಿಗೆ ತಡೆಹಿಡಿಯುವಂತಿಲ್ಲ ಎಂದು ರಾಜ್ಯದ ಕಾನೂನು ನೇರವಾಗಿ ಹೇಳುತ್ತದೆ. ಬಾಡಿಗೆ ಕಟ್ಟುತ್ತಲೇ ಲಿಖಿತ ದೂರು ಕೊಡಬೇಕು. ಬೀಗ ಬದಲಾಯಿಸಿ, ಸಾಮಾನು ಹೊರಗೆ ಹಾಕಿ ತೆರವು ಮಾಡಿಸುವ ಅಧಿಕಾರ ಮಾಲೀಕನಿಗೂ ಇಲ್ಲ. ಬಾಡಿಗೆಗೆ ಮಿತಿ ಹಾಕುವ ಕಾನೂನನ್ನು ಯಾವ ನಗರವೂ ಮಾಡದಂತೆ ರಾಜ್ಯವೇ ತಡೆದಿದೆ, ಆದ್ದರಿಂದ ನವೀಕರಣದಲ್ಲಿ ಎಷ್ಟು ಏರಿಸಿದರೂ ಕೇಳುವವರಿಲ್ಲ.

ಕ್ಯಾರಿ, ಮಾರಿಸ್‌ವಿಲ್, ಏಪೆಕ್ಸ್ ಕಡೆ ಕುಟುಂಬಗಳು ಹುಡುಕುವುದು ಟೌನ್‌ಹೌಸ್, ಅಂದರೆ ಗೋಡೆಗೆ ಗೋಡೆ ಅಂಟಿಸಿ ಸಾಲಾಗಿ ಕಟ್ಟಿದ ಮನೆ. ಇವುಗಳಲ್ಲಿ ಎಷ್ಟೋ ಮನೆಗಳ ಮಾಲೀಕರು ನಮ್ಮವರೇ. 2021ರಲ್ಲಿ ಶೇ 3ರ ಬಡ್ಡಿಗೆ ಕೊಂಡು, ಬೇರೆ ಊರಿಗೆ ಹೋಗುವಾಗ ಮಾರದೆ ಬಾಡಿಗೆಗೆ ಬಿಟ್ಟವರು. ಮಾರದಿರಲು ಕಾರಣ ಸರಳ: 3,20,000 ಡಾಲರ್‌ನ 30 ವರ್ಷದ ಸಾಲಕ್ಕೆ ಶೇ 3ರಲ್ಲಿ ತಿಂಗಳ ಕಂತು 1,349, ಬಡ್ಡಿ ಏರಿದ ಮೇಲಿನ ಶೇ 7ರಲ್ಲಿ 2,129. ಹಳೆಯ ಸಾಲವನ್ನು ಯಾರು ಬಿಡುತ್ತಾರೆ? ಅದೇ ಕಾರಣಕ್ಕೆ ಮನೆ ಕೊಳ್ಳಬೇಕಾದವರು ಕೊಳ್ಳದೆ ಬಾಡಿಗೆಯಲ್ಲೇ ಉಳಿದಿದ್ದಾರೆ. ಇಂಥ ಮಾಲೀಕರ ಹತ್ತಿರ ಉಚಿತ ತಿಂಗಳು, ಕಸದ ಶುಲ್ಕ ಯಾವುದೂ ಇಲ್ಲ, ಬಾಡಿಗೆಯಲ್ಲೇ ನೇರವಾಗಿ ಇಳಿಸುತ್ತಾರೆ. ದುರಸ್ತಿ ಮಾತ್ರ ಅವರ ಪುರುಸೊತ್ತಿನ ಮೇಲೆ. ಬಡಾವಣೆಯ ಸಂಘ ಬಾಡಿಗೆಗೆ ಕೊಡಲು ಅನುಮತಿಸಿದೆಯೇ ಎಂದು ಕೇಳಿ ನೋಡಬೇಕು. ಕೆಲವು ಸಂಘಗಳು ಮಿತಿ ಹಾಕಿವೆ.

ಮೋಸ ನಡೆಯುವುದೂ ಈ ಬಿಡಿ ಮನೆಗಳ ಹೆಸರಿನಲ್ಲೇ. ಮಾರಾಟಕ್ಕಿರುವ ಮನೆಯ ಫೋಟೊ ಕದ್ದು, ಅರ್ಧ ಬಾಡಿಗೆಗೆ ಹಾಕಿ, ‘ನಾನು ಊರಲ್ಲಿಲ್ಲ, ಡೆಪಾಸಿಟ್ ಕಳಿಸಿ, ಬೀಗದ ಕೈ ಅಂಚೆಯಲ್ಲಿ ಬರುತ್ತದೆ’ ಎನ್ನುತ್ತಾರೆ. ಬೆಂಗಳೂರಿನಲ್ಲೇ ಕುಳಿತು ಮನೆ ಹುಡುಕುವ ವಿದ್ಯಾರ್ಥಿ ಇದಕ್ಕೆ ಸುಲಭದ ತುತ್ತು. ರಾಲಿ ಸೇರಿರುವ ವೇಕ್ ಕೌಂಟಿಯ (ಕೌಂಟಿ ಅಂದರೆ ನಮ್ಮ ಜಿಲ್ಲೆಯಂತೆ) ಆಸ್ತಿ ದಾಖಲೆಗಳು ಅಂತರ್ಜಾಲದಲ್ಲಿ ಎಲ್ಲರಿಗೂ ಉಚಿತ. ವಿಳಾಸ ಹಾಕಿದರೆ ಮಾಲೀಕರ ಹೆಸರು ಬರುತ್ತದೆ. ಬೇರೆಯವರ ಪರವಾಗಿ ಮನೆ ನಿರ್ವಹಿಸುವವರಿಗೆ ರಾಜ್ಯದ ರಿಯಲ್ ಎಸ್ಟೇಟ್ ಕಮಿಷನ್ನಿನ ಪರವಾನಗಿ ಬೇಕು, ಅದನ್ನೂ ಹುಡುಕಬಹುದು. ಮನೆಯೊಳಗಿಂದ ವಿಡಿಯೊ ಕರೆ ಮಾಡಿ ನಲ್ಲಿ ತಿರುಗಿಸಿ ತೋರಿಸಲಾಗದವರಿಗೆ ಒಂದು ಡಾಲರೂ ಕಳಿಸಬಾರದು.

ಮುಂದೇನು? 2022ರ ಮಾರ್ಚ್‌ನಿಂದ 2023ರ ಜುಲೈವರೆಗೆ ಕೇಂದ್ರ ಬ್ಯಾಂಕಿನ ಬಡ್ಡಿ ಶೂನ್ಯದ ಹತ್ತಿರದಿಂದ ಶೇ 5.25–5.50ಕ್ಕೆ ಏರಿತು. ಅಂದಿನಿಂದ ಹೊಸ ಕಟ್ಟಡಗಳಿಗೆ ಸಾಲ ಕಷ್ಟವಾಗಿ ಅಡಿಪಾಯಗಳು ಕಡಿಮೆಯಾದವು. ಎರಡು ವರ್ಷದ ಕಟ್ಟುವ ಅವಧಿ ಸೇರಿಸಿದರೆ ಹೊಸ ಮನೆಗಳ ಹರಿವು ತೆಳುವಾಗುವುದು 2025–26ರಿಂದ. ಉಚಿತ ತಿಂಗಳ ಬೋರ್ಡುಗಳು ಮೊದಲು ಮಾಯವಾಗುತ್ತವೆ, ಬಾಡಿಗೆ ಏರುವುದು ಆಮೇಲೆ. ಕಟ್ಟಡಗಳು ತುಂಬುವ ಕ್ರಮವೇ ಹಾಗೆ. ನನ್ನ ಅಂದಾಜಿನಲ್ಲಿ ಈಗ ಒಳ್ಳೆಯ ದರ ಸಿಕ್ಕವರು 15 ಅಥವಾ 18 ತಿಂಗಳ ಕರಾರು ಕೇಳುವುದು ಲಾಭ. ವಿದ್ಯಾರ್ಥಿಗಳ ಮನೆಯವರು ಎರಡನೇ ವರ್ಷದ ಬಾಡಿಗೆಯನ್ನು ಜಾಹೀರಾತಿನ ಅಂಕಿಗಿಂತ ಕನಿಷ್ಠ ಶೇ 10 ಹೆಚ್ಚಿಟ್ಟು ಸಾಲದ ಮೊತ್ತ ನಿರ್ಧರಿಸಲಿ, ಅದರ ಮೇಲೆ ಕಡ್ಡಾಯ ಬಾಬ್ತುಗಳನ್ನು ಬೇರೆಯಾಗಿ ಸೇರಿಸಲಿ.

ಡೆಪಾಸಿಟ್ ವಾಪಸು ಬಾರದಿದ್ದರೆ ವೇಕ್ ಕೌಂಟಿಯ ಸಣ್ಣ ಮೊತ್ತದ ನ್ಯಾಯಾಲಯಕ್ಕೆ ವಕೀಲರಿಲ್ಲದೆ ಹೋಗಬಹುದು. ಅರ್ಜಿ ಶುಲ್ಕ 96 ಡಾಲರ್, ಸಮನ್ಸ್ ತಲುಪಿಸುವ ಖರ್ಚು ಬೇರೆ. ಗೆದ್ದರೆ ಸೋತವರಿಂದ ಅದನ್ನೂ ಕೊಡಿಸುವಂತೆ ಕೇಳಬಹುದು. ಮ್ಯಾಜಿಸ್ಟ್ರೇಟರ ತೀರ್ಪಿನ ಮೇಲೆ ಮೇಲ್ಮನವಿಗೆ 10 ದಿನ. ಕರಾರಿನ ಪ್ರತಿ, ಬಂದ ದಿನದ ವಿಡಿಯೊ, ಹೋದ ದಿನದ ವಿಡಿಯೊ, ಹೊಸ ವಿಳಾಸ ಕೊಟ್ಟ ಇಮೇಲ್ ಈ ನಾಲ್ಕನ್ನು ಮುದ್ರಿಸಿ ಮೂರು ಪ್ರತಿ ಒಯ್ಯಬೇಕು.

ಇತಿ,
ಬಾಡಿಗೆ ಮನೆಗಳ ನಿರ್ವಹಣೆಯ ಕ್ಷೇತ್ರದಲ್ಲಿರುವ ಓದುಗ
ಕ್ಯಾರಿ, ನಾರ್ತ್ ಕ್ಯಾರೊಲಿನಾ